ಮನೆ ಮಾರಿದ ದುಡ್ಡಿನಲ್ಲಿ ಮೊದಲು ಸಾಲ ತೀರಬೇಕು

ನಿನ್ನೆಯಿಂದ ಸಿಟ್ಟು ಇಳಿದಿಲ್ಲ. ನಮ್ಮ ಬೀದಿಯ ಹಿರಿಯರೊಬ್ಬರು ಹೋದ ವರ್ಷ ತೀರಿಕೊಂಡರು. ವಿಲ್ ಬರೆದು ದೊಡ್ಡ ಮಗನನ್ನೇ ಎಕ್ಸಿಕ್ಯೂಟರ್, ಅಂದರೆ ವಿಲ್ ಜಾರಿ ಮಾಡುವ ಹೊಣೆ ಹೊತ್ತವನು, ಮಾಡಿದ್ದರು. ನಿನ್ನೆ ಅವರ ಮನೆ ರಿಜಿಸ್ಟ್ರೇಷನ್ ಆಯಿತು, ದುಡ್ಡು ಮಕ್ಕಳಲ್ಲಿ ಹಂಚಿಯೂ ಆಯಿತು. ಕೊನೆಯವರೆಗೆ ಅಡುಗೆ ಮಾಡಿ ಹಾಕಿದ ಅಕ್ಕ ಬಾಕಿ ಸಂಬಳ ಕೇಳಿದರೆ, "ಅದು ಅಪ್ಪನ ವ್ಯವಹಾರ, ನಮಗೇನು ಗೊತ್ತು?" ಅಂದರಂತೆ. ಆಪರೇಷನ್‌ಗೆ ಕೈಸಾಲ ಕೊಟ್ಟ ದಿನಸಿ ಅಂಗಡಿಯವರಿಗೂ ಅದೇ ಉತ್ತರ.

ಬ್ಯಾಂಕಿನ ಸಾಲ ಮಾತ್ರ ಪೂರ್ತಿ ತೀರಿದೆ. ಯಾಕೆಂದರೆ ಮನೆ ಅಡಮಾನ ಇತ್ತು, ಇಸಿಯಲ್ಲಿ (ಆಸ್ತಿಯ ಮೇಲಿನ ಋಣಭಾರ ತೋರಿಸುವ ಪ್ರಮಾಣಪತ್ರದಲ್ಲಿ) ಕಾಣುತ್ತಿತ್ತು. ಅದನ್ನು ತೀರಿಸದೆ ಯಾರೂ ಕೊಳ್ಳುತ್ತಿರಲಿಲ್ಲ. ಕೈಸಾಲ ಇಸಿಯಲ್ಲಿ ಎಲ್ಲಿ ಕಾಣುತ್ತದೆ? ಅಡುಗೆಯವರ ಸಂಬಳ ಎಲ್ಲಿ ಕಾಣುತ್ತದೆ?

ನಾನು ಸಹಕಾರಿ ಬ್ಯಾಂಕಿನ ಸಾಲ ವಿಭಾಗದಲ್ಲೇ ತಲೆ ನರೆಸಿಕೊಂಡವಳು, ನಿಮಗೆ ಗೊತ್ತು. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ ಸರದಿಯನ್ನೇ ಹಾಕಿಕೊಟ್ಟಿದೆ. ಮೊದಲು ಅಂತ್ಯಕ್ರಿಯೆ ಮತ್ತು ಕೊನೆಗಾಲದ ವೈದ್ಯರ ಖರ್ಚು. ಆಮೇಲೆ ಪ್ರೊಬೇಟ್, ಅಂದರೆ ಕೋರ್ಟಿನಲ್ಲಿ ವಿಲ್ ಸಾಬೀತು ಮಾಡಿಸುವ ಖರ್ಚು. ಅದರ ಹಿಂದೆಯೇ, ಸಾಯುವ ಮುಂಚಿನ 3 ತಿಂಗಳು ದುಡಿದ ಕೆಲಸದವರ ಸಂಬಳ! ನಂತರ ಉಳಿದ ಸಾಲಗಳು. ವಿಲ್‌ನಲ್ಲಿ ಬರೆದ ಪಾಲು ಇದೆಲ್ಲ ಮುಗಿದ ಮೇಲೆ. ಎಕ್ಸಿಕ್ಯೂಟರ್‌ಗೆ ಆಸ್ತಿ ಮಾರುವ ಅಧಿಕಾರ ಇದೆ, ಒಪ್ಪುತ್ತೇನೆ. ಸಾಲ ಬಿಟ್ಟು ಹಂಚಿಕೊಳ್ಳುವ ಅಧಿಕಾರ ಯಾರು ಕೊಟ್ಟರು?

"ಅಪ್ಪನ ಸಾಲ ಮಕ್ಕಳ್ಯಾಕೆ ತೀರಿಸಬೇಕು?" ಅಂತ ಕೇಳುವವರಿದ್ದಾರೆ. ಅವರ ಸ್ವಂತ ಸಂಪಾದನೆಯಿಂದ ಕೊಡಿ ಅಂತ ಯಾರೂ ಹೇಳುತ್ತಿಲ್ಲ. ಅಪ್ಪನ ಮನೆ ಮಾರಿ ಬಂದ ದುಡ್ಡಿನಿಂದ ಕೊಡಲಿ. ಅಪ್ಪನ ಮನೆ ಬೇಕು, ಅಪ್ಪನ ಬಾಕಿ ಬೇಡ ಅಂದರೆ ಹೇಗೆ? ಸಿವಿಲ್ ಪ್ರಕ್ರಿಯಾ ಸಂಹಿತೆಯ 52ನೇ ಸೆಕ್ಷನ್ ಇದನ್ನೇ ಹೇಳುತ್ತದೆ. ಕೈಗೆ ಬಂದ ಆಸ್ತಿಯನ್ನು ಸರಿಯಾಗಿ ಬಳಸಿದ ಲೆಕ್ಕ ಕೊಡದಿದ್ದರೆ, ಅಷ್ಟರ ಮಟ್ಟಿಗೆ ವಾರಸುದಾರರೇ ಹೊಣೆ.

ನಮ್ಮಪ್ಪ ಹೋದಾಗ ನಾವೂ ಮನೆ ಮಾರಿದೆವು. ಅಮ್ಮ ಮೊದಲು ಬಾಕಿಯವರ ಪಟ್ಟಿ ಬರೆಸಿದರು. ದರ್ಜಿಯ ಹೆಸರೂ ಇತ್ತು ಅದರಲ್ಲಿ. ಎಲ್ಲರಿಗೂ ಕೊಟ್ಟು ನಮಗೆ ಉಳಿದದ್ದು ಕಡಿಮೆಯೇ. ಆಗ ನನಗೆ ತುಂಬಾ ಬೇಜಾರಾಗಿತ್ತು, ನಿಜ.

ಸಾಲ ಕೊಟ್ಟವರು ಸಂಕೋಚದಿಂದ ಸುಮ್ನೆ ಕೂರಬೇಡಿ. ಕೈಸಾಲಕ್ಕೆ ದಾವೆ ಹೂಡಲು ಇರುವುದು 3 ವರ್ಷ, ಸಾಲ ಪಡೆದವರು ತೀರಿಕೊಂಡರು ಅಂತ ಅದು ನಿಲ್ಲುವುದಿಲ್ಲ. ಮಾರಾಟದ ಸುಳಿವು ಸಿಕ್ಕ ಕೂಡಲೇ ವಕೀಲರನ್ನು ನೋಡಿ. ಸಾಲ ತಪ್ಪಿಸಲೆಂದೇ ಮಾರುತ್ತಿದ್ದಾರೆ ಅಂತ ತೋರಿಸಿದರೆ ತೀರ್ಪಿಗೆ ಮುಂಚೆಯೇ ಜಪ್ತಿ ಕೇಳಬಹುದು. ಮಾರಿದ ಮೇಲೆ, ಏನೂ ತಿಳಿಯದೆ ಕೊಂಡವರ ಕೈಯಿಂದ ವಸೂಲಿ ಮಾಡುವುದು ಬಲು ಕಷ್ಟ.

ಈ ಮನೆ ಮಾರಾಟ ಮುಗಿದಿದೆ, ಆದರೆ ದುಡ್ಡು ಪಡೆದ ಮಕ್ಕಳು ಇಲ್ಲೇ ಇದ್ದಾರೆ. ನಾಳೆ ಅಡುಗೆಯ ಅಕ್ಕನ ಜೊತೆ ವಕೀಲರ ಹತ್ತಿರ ಹೋಗುತ್ತಿದ್ದೇನೆ. ನಮ್ಮ ಬೀದಿಯಲ್ಲಿ ಇನ್ನು ಯಾರಿಗಾದರೂ ಅವರಿಂದ ಬಾಕಿ ಬರಬೇಕಿದ್ದರೆ ಚೀಟಿ, ಲೆಕ್ಕದ ಪುಸ್ತಕ ಏನಿದೆಯೋ ತಗೊಂಡು ಇವತ್ತು ರಾತ್ರಿಯೊಳಗೆ ನಮ್ಮನೆಗೆ ಬನ್ನಿ.