ದೊಡ್ಡಪ್ಪನ ಕಾಲು ಮತ್ತು ನನ್ನ ಸಿನಿಮಾ ಪಟ್ಟಿ

ಪುನರ್ವಸು ಮಳೆ ಹಿಡಿದ ಎರಡನೆಯ ದಿನ ಚಿಕ್ಕಮಗಳೂರಿನ ನಮ್ಮ ದೊಡ್ಡಪ್ಪ ಅಂಗಳದ ಪಾಚಿಯ ಮೇಲೆ ಜಾರಿ ಬಲಗಾಲು ಮುರಿದುಕೊಂಡರು. ವಯಸ್ಸು 82. ಆರು ವಾರ ಮಂಚದಿಂದ ಇಳಿಯಕೂಡದು ಎಂದು ವೈದ್ಯರು ಪ್ಲಾಸ್ಟರ್ ಹಾಕಿ ಕಳಿಸಿದರು. ಹೊರಗೆ ಮಳೆ, ಒಳಗೆ ದೊಡ್ಡಪ್ಪ; ಎರಡೂ ಬಿಡುವು ಕೊಡಲಿಲ್ಲ. ವಾರ ಕಳೆಯುವುದರೊಳಗೆ ಅಣ್ಣ ಹಾಸನಕ್ಕೆ ಫೋನ್ ಮಾಡಿದ. “ಅಪ್ಪನಿಗೆ ಬೈಯುವುದಕ್ಕೆ ಮನೆಯಲ್ಲಿ ಜನ ಸಾಲುತ್ತಿಲ್ಲ ಕಣೋ. ನೀನು ಸಿನಿಮಾ ತಿಳಿದವನು. ಕುಳಿತು ನೋಡುವಂಥ ನಾಲ್ಕೈದು ಚಿತ್ರಗಳ ಹೆಸರು ಕಳಿಸು. ಎಲ್ಲ ಒಂದೇ ಥರದವು ಬೇಡ.”

ಸಿನಿಮಾ ತಿಳಿದವನು ಎಂಬ ಬಿರುದು ನನಗೆ ಬಂದದ್ದು ಒಂದು ಮದುವೆ ಊಟದ ಪಂಕ್ತಿಯಲ್ಲಿ. ಎಲೆಯ ಮುಂದೆ ಕುಳಿತು ಗಿರೀಶ ಕಾಸರವಳ್ಳಿಯವರ ಚಿತ್ರಗಳ ಬಗ್ಗೆ ಹತ್ತು ನಿಮಿಷ ಮಾತನಾಡಿದ್ದೆ. ಸಾರು ಬರುವುದು ತಡವಾಗಿತ್ತು, ಅಷ್ಟೇ.

ಆದರೂ ಬಿರುದಿಗೆ ತಕ್ಕಂತೆ ರಾತ್ರಿಯೆಲ್ಲ ಕುಳಿತು ಪಟ್ಟಿ ಮಾಡಿದೆ. 1970ರ ‘ಸಂಸ್ಕಾರ’, 1977ರ ‘ಘಟಶ್ರಾದ್ಧ’, 1986ರ ‘ತಬರನ ಕಥೆ’, ಮಾತೇ ಇಲ್ಲದ ‘ಪುಷ್ಪಕ ವಿಮಾನ’, ಕೊನೆಗೆ ಈಚಿನದೊಂದು ಇರಲಿ ಎಂದು ‘ತಿಥಿ’. ಕಪ್ಪು ಬಿಳುಪು ಇದೆ, ಬಣ್ಣವಿದೆ, ಅಳುವಿದೆ, ನಗುವಿದೆ. ಇದಕ್ಕಿಂತ ವೈವಿಧ್ಯ ಬೇಕೇ ಎಂದು ಬೀಗಿ ಅಣ್ಣನ ಮೊಬೈಲ್‌ಗೆ ಕಳಿಸಿ ಮಲಗಿದೆ.

ಬೆಳಗ್ಗೆ ದೊಡ್ಡಮ್ಮ ಕನ್ನಡಕ ಏರಿಸಿಕೊಂಡು ಅದನ್ನು ಮಂಚದ ಪಕ್ಕ ನಿಂತು ಗಟ್ಟಿಯಾಗಿ ಓದಿದರಂತೆ. “ಸಂಸ್ಕಾರ. ಘಟಶ್ರಾದ್ಧ. ತಿಥಿ.” ನಡುವಿನ ಎರಡನ್ನು ಯಾಕೆ ಬಿಟ್ಟರೋ ಗೊತ್ತಿಲ್ಲ. ದೊಡ್ಡಪ್ಪ ಫೋನ್ ಕಿತ್ತುಕೊಂಡು ನನಗೇ ಕರೆ ಮಾಡಿದರು. “ಏನಪ್ಪಾ, ನನಗೆ ಮುರಿದಿರುವುದು ಕಾಲು ಮಾತ್ರ. ನೀನು ಆಗಲೇ ಎಲ್ಲ ಏರ್ಪಾಡೂ ಮಾಡಿಬಿಟ್ಟಿದ್ದೀಯಲ್ಲ. ಪುರೋಹಿತರಿಗೂ ಹೇಳಿದ್ದೀಯೋ?”

ತಪ್ಪು ನನ್ನೊಬ್ಬನದಲ್ಲ. ಅತ್ಯುತ್ತಮ ಚಿತ್ರದ ರಾಷ್ಟ್ರಪ್ರಶಸ್ತಿಯಾದ ಸ್ವರ್ಣಕಮಲವನ್ನು ಕನ್ನಡಕ್ಕೆ ಮೊದಲು ತಂದದ್ದು ‘ಸಂಸ್ಕಾರ’. ‘ಚೋಮನ ದುಡಿ’ಯ ಬಳಿಕ ಮತ್ತೆ ತಂದದ್ದು ‘ಘಟಶ್ರಾದ್ಧ’. ನಮ್ಮವರಿಗೆ ಉತ್ತರಕ್ರಿಯೆಯ ವಿಷಯ ಸಿಕ್ಕರೆ ಕೈ ಚೆನ್ನಾಗಿ ಓಡುತ್ತದೆ. ಅದಕ್ಕೆ ನಾನೇನು ಮಾಡಲಿ? ಇದನ್ನು ಫೋನಿನಲ್ಲಿ ವಿವರಿಸುವ ಧೈರ್ಯವಾಗದೆ ಶನಿವಾರ ಬೇಲೂರಿನ ಮೇಲೆ ಹೋಗುವ ಬಸ್ ಹತ್ತಿದೆ.

ಆ ರಾತ್ರಿ ಊಟದ ಹೊತ್ತಿಗೇ ‘ಸಂಸ್ಕಾರ’ ಹಚ್ಚಿದ್ದು ಎರಡನೆಯ ತಪ್ಪು. ಚಿತ್ರೀಕರಣ ನಡೆದದ್ದು ಶೃಂಗೇರಿಯ ಹತ್ತಿರ. ದೊಡ್ಡಮ್ಮನ ತವರೂ ಅದೇ ಸೀಮೆ. ಗಿರೀಶ ಕಾರ್ನಾಡರು ಪ್ರಾಣೇಶಾಚಾರ್ಯರಾಗಿ ಸಂಕಟಪಡುತ್ತಿದ್ದರೆ ಇವರು ರೊಟ್ಟಿಯ ಮೊಗಚುವ ಕೈ ಹಿಡಿದು ಟಿವಿಯ ಬಳಿಗೇ ಬಂದು, “ಆ ಜಗಲಿ ನೋಡು, ಥೇಟು ನಮ್ಮ ಸೋದರತ್ತೆಯ ಮನೆಯದೇ” ಎಂದು ಪರದೆಯ ಮೇಲೆ ಬೆರಳಿಟ್ಟು ತೋರಿಸಿದರು. ಕಾರ್ನಾಡರ ಹಣೆಯ ಮೇಲೆ ಅಕ್ಕಿ ಹಿಟ್ಟು ಅಂಟಿಕೊಂಡಿತು. ನಾರಣಪ್ಪನ ಹೆಣ ಹೊರಬೀಳುವವರೆಗೆ ಅಗ್ರಹಾರದಲ್ಲಿ ಯಾರೂ ಊಟ ಮಾಡುವಂತಿಲ್ಲ ಎಂದು ತಿಳಿದದ್ದೇ ತಡ, ದೊಡ್ಡಮ್ಮ ರೊಟ್ಟಿಯ ಡಬ್ಬಿಗೆ ಮುಚ್ಚಳ ಹಾಕಿದರು. “ಅವರು ಹಸಿದು ಕುಳಿತಿರುವಾಗ ನಾವು ಕಳಲೆ ಪಲ್ಯ ತಿನ್ನುವುದೇ?” ನಾರಣಪ್ಪನ ಜೊತೆ ಬಾಳಿದ್ದ ಚಂದ್ರಿ ರಾತ್ರೋರಾತ್ರಿ ಗುಟ್ಟಾಗಿ ಹೆಣ ಸುಡಿಸಿದ್ದು ನಮಗೆ ಗೊತ್ತು, ಅಗ್ರಹಾರಕ್ಕೆ ಗೊತ್ತಿಲ್ಲ. “ಸುಟ್ಟಾಯಿತಲ್ಲ, ಇವರಿಗೆ ಯಾರಾದರೂ ಹೇಳಬಾರದೇ?” ಎಂದು ದೊಡ್ಡಮ್ಮ ಪೇಚಾಡಿದರು. ನಾನು ಈ ಕಥೆ ಬರೆದ ಅನಂತಮೂರ್ತಿಯವರನ್ನು ಮನಸ್ಸಿನಲ್ಲೇ ಬೇಡಿಕೊಂಡೆ. ರೊಟ್ಟಿ ಸಿಕ್ಕಿದ್ದು ಚಿತ್ರ ಮುಗಿದ ಮೇಲೆ, ತೊಗಲಿನಂತಾಗಿ.

‘ಘಟಶ್ರಾದ್ಧ’ದ ಹೆಸರನ್ನು ಯಾರೂ ಎತ್ತಲಿಲ್ಲ.

ಭಾನುವಾರ ‘ತಬರನ ಕಥೆ’. ಮೂಡಿಗೆರೆಯಲ್ಲಿ ನೆಲೆಸಿದ್ದ ತೇಜಸ್ವಿಯವರ ಕಥೆ, ನಮ್ಮ ಜಿಲ್ಲೆಯದೇ ಸರಕು, ಇದಕ್ಕೆ ಯಾರೂ ತಕರಾರು ಎತ್ತಲಾರರು ಎಂದುಕೊಂಡಿದ್ದೆ. ಆದರೆ ದೊಡ್ಡಪ್ಪ ತಾಲ್ಲೂಕು ಕಚೇರಿಯಲ್ಲಿ ಶಿರಸ್ತೇದಾರರಾಗಿದ್ದವರು. ಪಿಂಚಣಿಗಾಗಿ ತಬರ ಮೇಜಿನಿಂದ ಮೇಜಿಗೆ ಅಲೆದು ಸವೆಯುತ್ತಿದ್ದರೆ ಇವರು ಗುಮಾಸ್ತರ ಪಕ್ಷ ವಹಿಸಿದರು. “ಬೇಬಾಕಿ ಪತ್ರವಿಲ್ಲದೆ ಕಡತ ಹೇಗೆ ಮುಂದೆ ಹೋಗುತ್ತದೆ? ಅರ್ಜಿಗೆ ಸ್ವೀಕೃತಿಯನ್ನಾದರೂ ಪಡೆದನೇ?” ಕಣ್ಣೊರೆಸಿಕೊಳ್ಳುತ್ತಿದ್ದ ದೊಡ್ಡಮ್ಮ ಸೆರಗು ಬಿಟ್ಟು, “ನಿಮ್ಮಂಥವರಿಂದಲೇ ಅವನಿಗೆ ಈ ಗತಿ” ಎಂದರು. ಐವತ್ತು ವರ್ಷದ ಸಂಸಾರದಲ್ಲಿ ಬಾಕಿ ಉಳಿದಿದ್ದ ಕಡತಗಳೆಲ್ಲ ಒಂದೊಂದಾಗಿ ಹೊರಬಂದವು. ಅಷ್ಟರಲ್ಲಿ ತಬರನ ಹೆಂಡತಿಯ ಕಾಲಿನ ಗಾಯ ಕೊಳೆತು, ಕಾಲನ್ನೇ ಕತ್ತರಿಸಬೇಕೆಂಬ ಮಾತು ಬಂತು. ದೊಡ್ಡಪ್ಪ ತಮ್ಮ ಪ್ಲಾಸ್ಟರನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು. ಪುಣ್ಯಕ್ಕೆ ಕರೆಂಟ್ ಹೋಯಿತು.

ಮಾತಿದ್ದರೆ ತಾನೇ ಜಗಳ ಎಂದು ಕರೆಂಟ್ ಬಂದ ಮೇಲೆ ‘ಪುಷ್ಪಕ ವಿಮಾನ’ ಹಾಕಿಸಿದೆ. ಕಮಲ್ ಹಾಸನ್ ತುಟಿ ಬಿಚ್ಚಲಿಲ್ಲ. ಕಿವಿ ಸ್ವಲ್ಪ ಮಂದವಾದ ದೊಡ್ಡಪ್ಪ ಮಾತು ಕೇಳಿಸುತ್ತಿಲ್ಲವೆಂದು ರಿಮೋಟ್ ಒತ್ತುತ್ತಲೇ ಹೋದರು. ಚಿತ್ರದಲ್ಲಿ ಮಾತೇ ಇಲ್ಲ ಎಂದು ನಾನು ಕೂಗಿದ್ದೂ ಅವರಿಗೆ ಕೇಳಿಸಲಿಲ್ಲ. ಚಿತ್ರ ಮುಗಿದು ವಾರ್ತೆಗೆ ತಿರುಗಿಸಿದೆವು ನೋಡಿ, ಮೊದಲ ವಾಕ್ಯಕ್ಕೇ ಒಲೆಯ ಮಗ್ಗುಲಲ್ಲಿ ಮಲಗಿದ್ದ ಬೆಕ್ಕು ಅಟ್ಟ ಸೇರಿತು. ಪಕ್ಕದ ಮನೆಯವರು ಕೊಡೆ ಹಿಡಿದು ಓಡಿ ಬಂದು, “ರಾಯರಿಗೆ ಏನಾಯಿತು?” ಎಂದು ಬಾಗಿಲಲ್ಲೇ ಅಳುಮುಖ ಮಾಡಿದರು. ರಾಯರು ಹಲಸಿನ ಹಪ್ಪಳ ಮುರಿಯುತ್ತಿದ್ದರು.

ಸೋಮವಾರ ನಾನು ಚೀಲ ಕಟ್ಟುತ್ತಿದ್ದಾಗ ದೊಡ್ಡಪ್ಪನೇ ಕರೆದು, “ಅದೊಂದು ಉಳಿದಿದೆಯಲ್ಲ, ಹಾಕು” ಎಂದರು. ಹೆಸರು ಹೇಳಲಿಲ್ಲ. ಮಂಡ್ಯದ ಕಡೆಯ ಹಳ್ಳಿಯವರೇ ನಟಿಸಿದ ‘ತಿಥಿ’. ಶುರುವಿನಲ್ಲೇ ಸೆಂಚುರಿ ಗೌಡ ಊರವರನ್ನು ಬೈಯುತ್ತಾ ಬೈಯುತ್ತಾ ಸತ್ತ. ದೊಡ್ಡಮ್ಮ “ರಾಮ ರಾಮ” ಎಂದು ಕಿಟಕಿಯ ಕಡೆ ತಿರುಗಿದರು. ದೊಡ್ಡಪ್ಪನಿಗೆ ಮಾತ್ರ ನಗು ತಡೆಯಲಾಗಲಿಲ್ಲ. ನಕ್ಕು ನಕ್ಕು ಪ್ಲಾಸ್ಟರಿನ ಒಳಗೆ ತುರಿಕೆ ಎದ್ದಿತು. ದೊಡ್ಡಮ್ಮ ಬೈದುಕೊಂಡೇ ಹೆಣಿಗೆ ಕಡ್ಡಿ ತಂದು ಕೊಟ್ಟರು. ಅದನ್ನು ಒಳಗೆ ತೂರಿಸುತ್ತಾ ದೊಡ್ಡಪ್ಪ ಕೇಳಿದರು.

“ಸಾಯುವಾಗ ಆ ಗೌಡನಿಗೆ ಎಷ್ಟು ವಯಸ್ಸು?”

“101, ದೊಡ್ಡಪ್ಪ.”

ಕಡ್ಡಿ ನಿಂತಿತು. ತುಟಿ ಅಲುಗಿಸುತ್ತಾ ಕಳೆಯುವ ಲೆಕ್ಕ ಮಾಡಿ ದೊಡ್ಡಮ್ಮನ ಕಡೆ ತಿರುಗಿದರು. “ಕೇಳಿದೆಯೇನೇ? ಇನ್ನೂ 19 ವರ್ಷ ಇದೆ. ಇವನ ಕೈಯಲ್ಲಿ ಇನ್ನೊಂದು ಪಟ್ಟಿ ಬರೆಸಿಡು.”