ದಪ್ಪ ಅಕ್ಷರದ ಕೂದಲೆಳೆ

ಬೊಡೋನಿ, ದಿದೋ ಜಾತಿಯ ದಪ್ಪ ಫಾಂಟ್‌ಗಳನ್ನು ಎಲ್ಲರೂ ಆರಿಸುವುದು ದಪ್ಪಕ್ಕೆ ಮರುಳಾಗಿ. ಕೈಕೊಡುವುದು ಮಾತ್ರ ತೆಳು ಗೆರೆ.

ಇಂಗ್ಲಿಷಿನ ದೊಡ್ಡ 'ಎಚ್' ಅನ್ನು 200 ಪಾಯಿಂಟಿಗೆ ಹಿಗ್ಗಿಸಿ ನೋಡಿ. ಕಂಬಗಳೆರಡೂ ತೊಲೆಯ ಹಾಗೆ, ನಡುವಿನ ಅಡ್ಡಗೆರೆ ಕೂದಲೆಳೆ. ಕಂಬದ ತುದಿಯ ಪುಟ್ಟ ಅಡ್ಡಗೆರೆ, ಅಂದರೆ ಸೆರಿಫ್ ಕೂಡ ಅಷ್ಟೇ ತೆಳು. ಬಾಗಿ ಬಂದು ಕಂಬ ಸೇರುವುದಿಲ್ಲ, ಮೂಲೆಮಟ್ಟ ಹಿಡಿದ ಹಾಗೆ ನೆಟ್ಟಗೆ ಕೂಡಿಕೊಳ್ಳುತ್ತದೆ. 'ಓ' ಎರಡು ಪಕ್ಕೆಯಲ್ಲಿ ಉಬ್ಬಿ ನೆತ್ತಿ, ಬುಡದಲ್ಲಿ ಎಳೆಯಾಗುತ್ತದೆ. ಸಣ್ಣ 'ಆರ್' ತುದಿಗೊಂದು ಗುಂಡು ಬೊಟ್ಟು. ಆ ಬೊಟ್ಟು ನನಗೆ ಇಡೀ ಅಕ್ಷರಮಾಲೆಗಿಂತ ಇಷ್ಟ.

18ನೇ ಶತಮಾನದ ಕೊನೆಗೆ ಇಟಲಿಯ ಪಾರ್ಮಾದ ಬೊಡೋನಿ, ಪ್ಯಾರಿಸ್ಸಿನ ಫರ್ಮಿನ್ ದಿದೋ ಎಂಬ ಅಚ್ಚುಮೊಳೆಗಾರರಿಗೆ ಈ ಎಳೆ ಕೊರೆಯಲು ಸಾಧ್ಯವಾದದ್ದು ಕಾಗದ ನುಣುಪಾಗಿದ್ದರಿಂದ. ಮುಂದಿನ ಶತಮಾನದ ಆರಂಭದಲ್ಲಿ ಲಂಡನ್ನಿನ ಅಚ್ಚುಮೊಳೆಯವರು ಪೋಸ್ಟರಿಗೆಂದು ಕಂಬವನ್ನಷ್ಟೇ ಊದಿಸಿ ಎಳೆಯನ್ನು ಹಾಗೇ ಬಿಟ್ಟರು. ಅದೇ ಫ್ಯಾಟ್ ಫೇಸ್. ಹುಟ್ಟಿದ್ದೇ ದೂರದಿಂದ ಕಾಣಲಿಕ್ಕೆ.

ಇದನ್ನು ತಂದು ಪ್ಯಾರಾ ತುಂಬಿಸಿದರೆ ಏನಾಗುತ್ತದೆ, ಲೆಕ್ಕ ಹಾಕಿ. ಫಾಂಟಿನ ಅಳತೆಯನ್ನು 1000 ಪಾಲು ಮಾಡಿದಾಗ ಎಳೆ 20 ಪಾಲು ಎಂದಿಟ್ಟುಕೊಳ್ಳೋಣ. 16 ಪಿಕ್ಸೆಲ್ ಅಕ್ಷರದಲ್ಲಿ ಅದು 0.32 ಪಿಕ್ಸೆಲ್. ಅಷ್ಟು ತೆಳುವಾಗಿ ಬರೆಯಲು ಸಾಧಾರಣ ಸ್ಕ್ರೀನಿಗೆ ಬರುವುದಿಲ್ಲ, ಅದು ಒಂದಿಡೀ ಪಿಕ್ಸೆಲನ್ನು ತಿಳಿ ಬೂದು ಮಾಡಿ ಕೈತೊಳೆದುಕೊಳ್ಳುತ್ತದೆ. ಸಣ್ಣ 'ಇ'ಯ ಅಡ್ಡಗೆರೆ ಮಾಯವಾಗಿ 'ಸಿ' ಉಳಿಯುತ್ತದೆ. 'ಮಿನಿಮಮ್' ಎಂದು ಇಂಗ್ಲಿಷಿನ ಸಣ್ಣಕ್ಷರದಲ್ಲಿ ಟೈಪಿಸಿದರಂತೂ ಬರೀ ಬೇಲಿಗೂಟ! ಎಳೆಗೆ ಪೂರಾ ಒಂದು ಪಿಕ್ಸೆಲ್ ಬೇಕಾದರೆ ಅಕ್ಷರ 50 ಪಿಕ್ಸೆಲ್ ಇರಬೇಕು.

ಅಚ್ಚಿನಲ್ಲಿ ಕಪ್ಪು ಹಿನ್ನೆಲೆಯ ಮೇಲೆ ಬಿಳಿ ಅಕ್ಷರ ಇನ್ನೂ ಅಪಾಯ. ಎಳೆ ಕನಿಷ್ಠ 0.5 ಪಾಯಿಂಟ್ ಇರಲಿ. ಮೇಲಿನ ಲೆಕ್ಕದಲ್ಲಿ 25 ಪಾಯಿಂಟಿಗಿಂತ ಕೆಳಗೆ ಇಳಿಯಬೇಡಿ. 0.5 ಪಾಯಿಂಟ್ ಅಂದರೆ ಸುಮಾರು 0.18 ಮಿಲಿಮೀಟರ್. ನಾಲ್ಕು ಬಣ್ಣ ಕೂಡಿಸಿ ಕಪ್ಪು ಮಾಡಿದ್ದೀರಾ? ರಿಜಿಸ್ಟ್ರೇಶನ್, ಅಂದರೆ ಬಣ್ಣಗಳು ಒಂದರ ಮೇಲೊಂದು ಕೂರುವ ಜಾಗ, 0.1 ಮಿಲಿಮೀಟರ್ ಸರಿದರೂ ಅರ್ಧಕ್ಕಿಂತ ಹೆಚ್ಚು ಎಳೆಗೆ ಬಣ್ಣ ನುಗ್ಗುತ್ತದೆ. ಒಂದೇ ಕಪ್ಪು ಇಂಕ್ ಬಳಸಿ.

ಇನ್ನೊಂದು ತಪ್ಪು ದಿನಾ ಕಣ್ಣಿಗೆ ಬೀಳುತ್ತದೆ. ಏಬ್ರಿಲ್ ಫ್ಯಾಟ್‌ಫೇಸ್ ಎಂಬ ಫಾಂಟಿನಲ್ಲಿ ಇರುವುದು ಒಂದೇ ತೂಕ (ಗೆರೆಯ ದಪ್ಪದ ಮಟ್ಟ), 400. ವೆಬ್‌ಪುಟದ ಹೆಡಿಂಗ್ ತಾನಾಗಿಯೇ ಬೋಲ್ಡ್ ಕೇಳುತ್ತದೆ. ಬ್ರೌಸರ್ ಸುಳ್ಳು ಬೋಲ್ಡ್ ಸೃಷ್ಟಿಸಿ ಎಲ್ಲಾ ಗೆರೆಗೂ ಮಸಿ ಬಳಿಯುತ್ತದೆ, ಅಕ್ಷರದೊಳಗಿನ ಖಾಲಿ ಕಣ್ಣುಗಳು ಕಟ್ಟಿಕೊಳ್ಳುತ್ತವೆ. ಹೆಡಿಂಗಿನ ಸ್ಟೈಲಿನಲ್ಲಿ ಫಾಂಟ್-ವೇಟ್ 400 ಎಂದು ಬರೆದರೆ ಮುಗಿಯಿತು. ಅಡ್ಡಕ್ಕೆ ಎಳೆದು ಅಗಲ ಮಾಡುವವರ ಬಗ್ಗೆ ಏನೂ ಹೇಳಲಾರೆ.

ಸಣ್ಣ ಅಳತೆಯಲ್ಲೂ ಇದೇ ರೂಪ ಬೇಕೆಂದರೆ ಆಪ್ಟಿಕಲ್ ಸೈಜ್ ಇರುವ, ಅಂದರೆ ಅಳತೆಗೆ ತಕ್ಕ ಹಾಗೆ ರೂಪ ಹೊಂದಿಸಿಕೊಳ್ಳುವ ಫಾಂಟ್ ಹುಡುಕಿ. ಮೊಳೆಯ ಕಾಲದಲ್ಲಿ ಪ್ರತಿ ಅಳತೆಯನ್ನೂ ಬೇರೆಯಾಗಿಯೇ ಕೊರೆಯುತ್ತಿದ್ದರು, ಚಿಕ್ಕದಕ್ಕೆ ಎಳೆ ಕೊಂಚ ದಪ್ಪ. ಬೊಡೋನಿ ಮೋಡಾ ಎಂಬ ಫಾಂಟ್ 6ರಿಂದ 96 ಪಾಯಿಂಟಿನವರೆಗೆ ಅದನ್ನೇ ಮಾಡುತ್ತದೆ.

ಹೆಡ್‌ಲೈನಿಗೆ ಮೂರು ನಾಲ್ಕು ಪದ ಸಾಕು. 70 ಪಾಯಿಂಟ್ ದಾಟಿದರೆ ಅಕ್ಷರಗಳ ಅಂತರ ಶೇ. 1ರಿಂದ 2 ಬಿಗಿ ಮಾಡಿ, ಸಾಲಿನ ಅಂತರ ಅಕ್ಷರದ ಅಳತೆಯ 1.0ರಿಂದ 1.1 ಪಟ್ಟು. 'ಎ', 'ವಿ' ಅಕ್ಕಪಕ್ಕ ಬಂದಲ್ಲಿ ಕರ್ನಿಂಗ್, ಅಂದರೆ ಆ ಜೋಡಿಯ ನಡುವಿನ ಅಂತರ, ಕೈಯಾರೆ ನೋಡಿ. ಕೆಳಗಿನ ಬಾಡಿ ಟೆಕ್ಸ್ಟ್‌ಗೆ ಸೆರಿಫ್ ಇಲ್ಲದ ಸಪಾಟಾದ ಸ್ಯಾನ್ಸ್ ಹಾಕಿ, ಇನ್ನೊಂದು ಬೊಡೋನಿ ಬೇಡ. ಪ್ರೂಫನ್ನು ಅಸಲು ಅಳತೆಯಲ್ಲೇ, ಅಚ್ಚಾಗುವ ಕಾಗದದ ಮೇಲೇ ತೆಗೆಸಿ, ಮೊದಲು ಆ 'ಇ'ಯ ಅಡ್ಡಗೆರೆ ಹುಡುಕಿ.