ಆಲ್ಬುಕರ್ಕ್ ನಮ್ಮೂರಿನ ಮಾಡಿನ ಮೇಲೆ ಕೂತಿದ್ದಾನಂತೆ

ನಿನ್ನೆ ಸಂಜೆ ಕುಮಟಾ ಪೇಟೆಯಲ್ಲಿ ಬಾಳೆಹಣ್ಣು ತಗೊಳ್ಳಲು ನಿಂತಿದ್ದೆ. ಪಕ್ಕದಲ್ಲೊಬ್ಬ ಹುಡುಗ ಮೊಬೈಲನ್ನು ಕೋಲಿಗೆ ಸಿಕ್ಕಿಸಿಕೊಂಡು, ಎದುರಿನ ಹಳೇ ಮಾಳಿಗೆ ಅಂಗಡಿ ತೋರಿಸುತ್ತ ಕೂಗುತ್ತಿದ್ದ. "ಫ್ರೆಂಡ್ಸ್, ಇದು 400 ವರ್ಷ ಹಳೇ ಪೋರ್ಚುಗೀಸ್ ಕಟ್ಟಡ!"

ಸುಮ್ನಿದ್ದೆ. ನನಗೂ ವಯಸ್ಸಾಯಿತು, ಬಿ.ಪಿ. ಮಾತ್ರೆ ನುಂಗುವವನು.

ಆಮೇಲೆ ಅವನು ಜಗಲಿಯ ಮೇಲೆ ಇಳಿಸಿಟ್ಟಿದ್ದ ಹೆಂಚಿನ ರಾಶಿಯಿಂದ ಒಂದನ್ನು ಎತ್ತಿದ. ಅದರ ಮೇಲಿನ ಅಕ್ಷರ ಕ್ಯಾಮೆರಾಗೆ ಹಿಡಿದು, "ನೋಡಿ, ಪ್ರೂಫ್! ಆಲ್ಬುಕರ್ಕ್! ಗೋವಾ ಗೆದ್ದವನು!" ಅಂದ.

ಇನ್ನು ಸುಮ್ನಿರಲು ಆಗಲಿಲ್ಲ. ಮಾರಾಯಾ, ಆ ಆಲ್ಬುಕರ್ಕ್ ಗೋವಾ ಗೆದ್ದಿದ್ದು 1510ರಲ್ಲಿ. ಆ ಹೆಂಚಿನ ಆಲ್ಬುಕರ್ಕ್ 1868ರಲ್ಲಿ ಮಂಗಳೂರಿನಲ್ಲಿ ಶುರುವಾದ ಕಾರ್ಖಾನೆ, ನಮ್ಮ ಕರಾವಳಿಯವರದೇ. ಹೆಸರಿನ ಮುಂದೆ 'ಆ್ಯಂಡ್ ಸನ್ಸ್' ಅಂತಲೂ ಇದೆ. ಗೋವಾ ಗೆದ್ದವನು ಮಕ್ಕಳನ್ನು ಕಟ್ಟಿಕೊಂಡು ಹೆಂಚು ಮಾರಲು ಬಂದಿದ್ದನಾ?

ಹುಡುಗ ನಕ್ಕ. "ಅಂಕಲ್, ಜನಕ್ಕೆ ಇಷ್ಟ ಆಗುತ್ತೆ" ಅಂದ. ಅಂಕಲ್ ಅಂದಿದ್ದಕ್ಕೂ ಸಿಟ್ಟು ಬಂತು, ಅದು ಬೇರೆ ವಿಷಯ.

ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಒಂದು ಗೋಡೆಗೆ ಪಾಚಿ ಹಿಡಿದರೆ ಸಾಕು, ಅದು ಪೋರ್ಚುಗೀಸರದ್ದು. ಕಿಟಕಿ ಮೇಲೆ ಕಮಾನಿದ್ದರೆ ಪೋರ್ಚುಗೀಸರದ್ದು. ಮರದ ಮೆಟ್ಟಿಲು ಕಿರ್ರ್ ಅಂದರೂ ಪೋರ್ಚುಗೀಸರದ್ದೇ. ಹಾಗಾದರೆ ನಮ್ಮವರು ಇಷ್ಟು ಕಾಲ ಎಲ್ಲಿ ಮಲಗುತ್ತಿದ್ದರು, ಮರದ ಮೇಲಾ?

ಹೆಂಚು ಓದುವುದು ಕಷ್ಟದ ವಿದ್ಯೆ ಅಲ್ಲ. ಮಂಗಳೂರಿನಲ್ಲಿ ಮೊದಲ ಹೆಂಚಿನ ಕಾರ್ಖಾನೆ ಹಾಕಿದ್ದು ಬಾಸೆಲ್ ಮಿಷನ್ ಅನ್ನುವ ಕ್ರೈಸ್ತ ಮಿಷನರಿ ಸಂಸ್ಥೆಯವರು, 1865ರಲ್ಲಿ. ಅವರ ಹೆಂಚಿನ ಮೇಲೆ 1865 ಅಂತ ಅಚ್ಚಿರುತ್ತದೆ. ಅದನ್ನು ನೋಡಿ "ನಮ್ಮ ಮನೆ 1865ರದ್ದು" ಎನ್ನುವವರು ನಮ್ಮ ಬಳಗದಲ್ಲೇ ಇದ್ದಾರೆ, ಹೆಸರು ಹೇಳುವುದಿಲ್ಲ. ಅದು ಕಾರ್ಖಾನೆ ಹುಟ್ಟಿದ ವರ್ಷ, ನಿಮ್ಮ ಮನೆಯದಲ್ಲ. 'ಕಾಮನ್‌ವೆಲ್ತ್' ಅಂತ ಇದ್ದರೆ ಇನ್ನೂ ಈಚಿನದು. ಮೊದಲ ಮಹಾಯುದ್ಧದ ಹೊತ್ತಿಗೆ ಮಿಷನ್ನಿನ ಕಾರ್ಖಾನೆಗಳು ಕೈಬಿಟ್ಟು ಹೋದ ಮೇಲಿನ ಹೆಸರು ಅದು.

ಹೆಂಚು ಆಮೇಲೆ ಹೊದಿಸಿದ್ದಿರಬಹುದು, ಗೋಡೆ ಹಳೆಯದಿರಬಹುದಲ್ವಾ ಅಂತ ಒಬ್ಬರು ಕೇಳೇ ಕೇಳುತ್ತೀರಿ. ಇರಬಹುದು. ಸೋಗೆ ತೆಗೆದು ಹೆಂಚು ಹಾಕಿದ ಮನೆಗಳು ಬೇಕಾದಷ್ಟಿವೆ. ಆದರೆ ಗೋಡೆ ಯಾವುದು? ಇಲ್ಲೇ ಕಡಿದ ಚಿರೇಕಲ್ಲು, ಅಂದರೆ ಜಂಬಿಟ್ಟಿಗೆ. ಕಡಿಯುವಾಗ ಮೆತ್ತಗೆ, ಗಾಳಿ ತಾಗಿದ ಮೇಲೆ ಗಟ್ಟಿ. ಗಾರೆ ಯಾವುದು? ಅಘನಾಶಿನಿ ಹೊಳೆಯ ಚಿಪ್ಪಿ ಸುಟ್ಟ ಸುಣ್ಣ. ವರ್ಷಕ್ಕೆ 3,000 ಮಿಲಿಮೀಟರಿಗೂ ಜಾಸ್ತಿ ಮಳೆ ಹೊಯ್ಯುವ ಊರಲ್ಲಿ ಮಾಡು ಎಷ್ಟು ಇಳಿಜಾರಿರಬೇಕು ಅಂತ ಲಿಸ್ಬನ್‌ನಿಂದ ಬಂದು ಹೇಳಿಕೊಡಬೇಕಿತ್ತಾ?

ಸಿಟ್ಟು ಬರುವುದು ಇದಕ್ಕೇ. ನಿಜವಾದ ಕತೆ ಆ ಸುಳ್ಳಿಗಿಂತ ಚೆನ್ನಾಗಿದೆ. ಅಮೆರಿಕದಲ್ಲಿ 1861ರಲ್ಲಿ ಅಂತರ್ಯುದ್ಧ ಶುರುವಾಯಿತು, ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿ ನಿಂತುಹೋಯಿತು. ಆಗ ಧಾರವಾಡ, ಹುಬ್ಬಳ್ಳಿ ಕಡೆಯ ಹತ್ತಿಗೆ ಚಿನ್ನದ ಬೆಲೆ. ಅದು ಘಟ್ಟ ಇಳಿದು ಬರುತ್ತಿದ್ದುದು ನಮ್ಮ ಕುಮಟೆಗೆ, ಇಲ್ಲಿಂದ ಹಡಗಿನಲ್ಲಿ ಮುಂಬೈಗೆ. ಎಷ್ಟರಮಟ್ಟಿಗೆ ಅಂದರೆ, ಬಯಲುಸೀಮೆಯಲ್ಲಿ ಬೆಳೆಯುತ್ತಿದ್ದ ಆ ಹತ್ತಿಯ ಜಾತಿಗೇ ವ್ಯಾಪಾರದಲ್ಲಿ 'ಕುಮಟಾ ಹತ್ತಿ' ಅಂತ ಹೆಸರಿತ್ತು. ಒಂದು ಗಿಡವೂ ಬೆಳೆಯದ ಊರಿನ ಹೆಸರು! 1862ರಲ್ಲಿ ನಮ್ಮ ಜಿಲ್ಲೆಯನ್ನು ಮದ್ರಾಸಿನಿಂದ ಕಿತ್ತು ಮುಂಬೈ ಪ್ರಾಂತಕ್ಕೆ ಸೇರಿಸಿದ್ದರ ಹಿಂದೆಯೂ ಈ ಹತ್ತಿಯ ಆಸೆ ಇತ್ತು. ಮುಂದೆ ಹುಬ್ಬಳ್ಳಿಯಿಂದ ಮರ್ಮಗೋವಾಕ್ಕೆ ರೈಲು ಬಂತು, ಹತ್ತಿ ಆ ಕಡೆ ತಿರುಗಿತು. ನಮ್ಮ ಬಂದರಕ್ಕೆ ಅಲ್ಲಿಂದ ನಿದ್ದೆ.

ಪೇಟೆಯ ಹಳೇ ಅಂಗಡಿಗಳನ್ನು ಈ ಕಣ್ಣಿನಿಂದ ನೋಡಿ. ಮುಖ ಇಷ್ಟೇ ಇಷ್ಟು, ಒಳಗೆ ಹೋದರೆ ಮುಗಿಯುವುದೇ ಇಲ್ಲ. ಎದುರಿಗೆ ಅಂಗಡಿ, ಹಿಂದೆ ಸರಕಿನ ವಖಾರಿ, ಮೇಲೆ ಸಂಸಾರ. ವ್ಯಾಪಾರಕ್ಕೆಂದೇ ಹೊಲಿಸಿದ ಅಂಗಿ ಹಾಗೆ.

ನಮ್ಮ ಅಪ್ಪನ ಕಿರಾಣಿ ಅಂಗಡಿ ನಿಮಗೆಲ್ಲ ಗೊತ್ತಲ್ಲ. ಅದಕ್ಕೂ ಹಲಗೆ ಬಾಗಿಲೇ ಇತ್ತು. ಹನ್ನೊಂದು ಹಲಗೆ, ಒಂದೊಂದಕ್ಕೂ ಕನ್ನಡ ಅಂಕಿ ಕೆತ್ತಿತ್ತು. ರಾತ್ರಿ ಸಾಲಾಗಿ ಚೌಕಟ್ಟಿನ ಸಂದಿಯಲ್ಲಿ ಜಾರಿಸಿ ಕೂರಿಸುವುದು ನನ್ನ ಕೆಲಸ. ಆರನೆಯದು ಮಳೆಗಾಲದಲ್ಲಿ ಉಬ್ಬಿ ಕೂರುತ್ತಲೇ ಇರಲಿಲ್ಲ, ಅದಕ್ಕೆ ಅಪ್ಪನಿಂದ ಬೈಸಿಕೊಂಡಿದ್ದಕ್ಕೆ ಲೆಕ್ಕವಿಲ್ಲ. ತೊಲೆಗೆ ಒಂದು ಕಬ್ಬಿಣದ ಕೊಂಡಿ ಇತ್ತು, ದೊಡ್ಡ ತಕ್ಕಡಿ ತೂಗುಹಾಕಲು. ನಾವು ಅದಕ್ಕೆ ಜೋತುಬಿದ್ದು ಆಡುತ್ತಿದ್ದೆವು.

ಆ ಹಲಗೆ ಈಗೆಲ್ಲಿ? ನಾನೇ ಮಾರಿದೆ. ತೂಕಕ್ಕೆ. ರೋಲಿಂಗ್ ಶಟರ್ ಹಾಕಿಸಿದ ದಿನ ಪೇಡಾ ಹಂಚಿದ್ದೆ ಬೇರೆ. ಮೊನ್ನೆ ಗೋಕರ್ಣದ ಕಡೆ ಒಂದು ಹೋಮ್‌ಸ್ಟೇಯಲ್ಲಿ ಊಟಕ್ಕೆ ಕೂತಾಗ, ಗಾಜಿನ ಕೆಳಗಿನ ಮೇಜಿನ ಹಲಗೆಯಲ್ಲಿ '೬' ಕಂಡಿತು. ನಮ್ಮದೇ ಅಂತ ಹೇಳಲಾರೆ. ಆದರೂ ಅನ್ನ ಇಳಿಯಲಿಲ್ಲ. ಮಾಲೀಕರು ಬಂದು ಹೆಮ್ಮೆಯಿಂದ ಹೇಳಿದರು: "ಪೋರ್ಚುಗೀಸ್ ಬಾಗಿಲು, ಸರ್."

ಕನ್ನಡದ ಆರು ಸರ್ ಅದು! ಪೋರ್ಚುಗೀಸರು ಮಗ್ಗಿ ಕಲಿತದ್ದು ನಮ್ಮ ಶಾಲೆಯಲ್ಲಾ?

ಇನ್ನೊಂದೂ ಹೇಳಿಬಿಡುತ್ತೇನೆ, ಯಾರಾದರೂ ಕಾಮೆಂಟಿನಲ್ಲಿ ಎತ್ತುವ ಮೊದಲು. ಬೆಂಗಳೂರಲ್ಲಿ ಕೆಲಸಕ್ಕೆ ಸೇರಿದ ಹೊಸದರಲ್ಲಿ ಗೆಳೆಯರಿಗೆ "ನಮ್ಮ ಅಂಗಡಿ ಪೋರ್ಚುಗೀಸರ ಕಾಲದ್ದು" ಅಂತ ನಾನೂ ಬಿಟ್ಟಿದ್ದೆ. ಕಿರಾಣಿ ಅಂಗಡಿಯವನ ಮಗ ಅನ್ನುವುದಕ್ಕಿಂತ ತೂಕ ಜಾಸ್ತಿ ಅನಿಸಿತ್ತು. ಅಪ್ಪನಿಗೆ ಗೊತ್ತಾಗಿದ್ದರೆ ಆ ಕೊಂಡಿಗೇ ನನ್ನನ್ನು ತೂಗುಹಾಕುತ್ತಿದ್ದರು.

ರಾತ್ರಿ ಆ ಹುಡುಗನ ವಿಡಿಯೋ ಹುಡುಕಿ, ಕೆಳಗೆ ಹೆಂಚಿನ ಕತೆಯನ್ನೆಲ್ಲ ಉದ್ದಕ್ಕೆ ಬರೆದೆ. ಬೆಳಿಗ್ಗೆ ನೋಡಿದರೆ ಎರಡು ಲೈಕು. ಒಂದು ನನ್ನ ಹೆಂಡತಿಯದು. ಇನ್ನೊಂದು ಆ ಹುಡುಗನದೇ. ವಿಡಿಯೋದಲ್ಲಿ ಮಾತ್ರ ಆಲ್ಬುಕರ್ಕ್ ಇನ್ನೂ ಹೆಂಚು ಹಿಡಿದುಕೊಂಡೇ ಇದ್ದಾನೆ.